‘ನಾಯಕ’ ಪದವನ್ನು ಬಿಚ್ಚಿ ನೋಡೋಣ: ಪಾಣಿನಿಯ ಸೂತ್ರ ಓದಲು ಕಲಿಯುವ ಸಮಗ್ರ ಮಾರ್ಗದರ್ಶಿ

ಹೈಸ್ಕೂಲಿನಲ್ಲಿ ಕನ್ನಡ ಓದಿದವರ ಬಾಯಲ್ಲಿ ಈ ಪಟ್ಟಿ ಇನ್ನೂ ಉಳಿದಿರುತ್ತದೆ: ಸವರ್ಣದೀರ್ಘ, ಗುಣ, ವೃದ್ಧಿ, ಯಣ್, ಜಶ್ತ್ವ, ಶ್ಚುತ್ವ, ಅನುನಾಸಿಕ. ‘ಅತಿ + ಅಂತ = ಅತ್ಯಂತ, ಯಣ್ ಸಂಧಿ’ ಅಂತ ಬರೆದು ಅಂಕ ತೆಗೆದುಕೊಂಡಿದ್ದೇವೆ. ಆದರೆ ಈ ‘ಯಣ್’ ಅಂದರೆ ಏನು? ‘ಜಶ್’ ಅಂದರೆ ಏನು? ನಮ್ಮ ತರಗತಿಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪಾಣಿನಿಯ ಸಂಸ್ಕೃತ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿ ತೆರೆದಾಗ ಆ ಎರಡೂ ಶಬ್ದ ಕಣ್ಣಿಗೆ ಬಿದ್ದವು. ಆ ದಿನ ಆದ ಖುಷಿ ಇನ್ನೂ ನೆನಪಿದೆ. ನಾವು ಬಾಯಿಪಾಠ ಮಾಡಿದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ ಪಾಣಿನಿ ಬಳಸಿದ ಹೆಸರುಗಳನ್ನೇ.

ಹಾಗಾಗಿ ಕನ್ನಡ ಓದುಗರು ಪಾಣಿನಿಗೆ ಹೊಸಬರಲ್ಲ. ಐದಾರು ತುಂಡು ಆಗಲೇ ನಮ್ಮ ಹತ್ತಿರ ಇವೆ. ಈ ಬರಹ ಅಲ್ಲಿಂದಲೇ ಶುರುವಾಗುತ್ತದೆ. ಇದನ್ನು ಓದಿ ಮುಗಿಸುವ ಹೊತ್ತಿಗೆ ಒಂದು ಸೂತ್ರವನ್ನು, ಅಂದರೆ ಪಾಣಿನಿಯ ಒಂದು ಪುಟ್ಟ ನಿಯಮವನ್ನು, ನೀವೇ ಬಿಡಿಸಿ ಓದಬಹುದು. ದಿನಾ ಬಳಸುವ ‘ನಾಯಕ’ ಎಂಬ ಪದ ಸೂತ್ರದಿಂದ ಸೂತ್ರಕ್ಕೆ ಹೇಗೆ ಹುಟ್ಟುತ್ತದೆ ಅಂತ ತೋರಿಸಲೂಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್ಕು, ‘ರಾಮಃ ರಾಮೌ ರಾಮಾಃ’ ಮಟ್ಟದ ವಿಭಕ್ತಿ ಪರಿಚಯ, ಸ್ವಲ್ಪ ತಾಳ್ಮೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಪಾಣಿನಿಯ ಸೂತ್ರ ಒಂಟಿಯಾಗಿ ಪೂರ್ತಿ ಅರ್ಥ ಕೊಡುವುದು ಬಹಳ ಕಡಿಮೆ. ಅದರ ಅರ್ಧ ಭಾಗ ಬೇರೆ ಕಡೆ ಇರುತ್ತದೆ. ಆ ಅರ್ಧವನ್ನು ಹುಡುಕಿ ತರುವುದೇ ಸೂತ್ರ ಓದುವ ಕೆಲಸ.

ಹೆಜ್ಜೆ 1: ಪುಸ್ತಕದ ನಕ್ಷೆ ಗೊತ್ತಿರಲಿ

ಪಾಣಿನಿಯ ಊರು ಶಲಾತುರ. ಈಗ ಅದು ಪಾಕಿಸ್ತಾನದ ಸ್ವಾಬಿ ಜಿಲ್ಲೆಯಲ್ಲಿ, ಸಿಂಧೂ ನದಿಗೆ ಹತ್ತಿರದಲ್ಲಿದೆ. ಕಾಲ ಸುಮಾರು ಕ್ರಿ.ಪೂ. 5 ಅಥವಾ 4ನೇ ಶತಮಾನ ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಷ್ಟಾಧ್ಯಾಯಿಯಲ್ಲಿ 8 ಅಧ್ಯಾಯಗಳಿವೆ. ಪ್ರತಿ ಅಧ್ಯಾಯಕ್ಕೆ 4 ಪಾದ, ಒಟ್ಟು 32 ಪಾದ. ಸೂತ್ರಗಳು ನಾಲ್ಕು ಸಾವಿರದ ಹತ್ತಿರ. 6.1.77 ಅಂತ ಕಂಡರೆ ಆರನೇ ಅಧ್ಯಾಯ, ಮೊದಲ ಪಾದ, 77ನೇ ಸೂತ್ರ. ಈ ಸಂಖ್ಯೆ ಮನೆ ವಿಳಾಸ ಇದ್ದ ಹಾಗೆ. ಅಕ್ಕಪಕ್ಕ ಯಾರಿದ್ದಾರೆ ಅನ್ನುವುದೂ ಇಲ್ಲಿ ಮುಖ್ಯ, ಅದನ್ನು ಮುಂದೆ ನೋಡೋಣ.

ಸೂತ್ರಪಾಠದ ಜೊತೆ ಇನ್ನೆರಡು ಪಟ್ಟಿಗಳಿವೆ. ಧಾತುಪಾಠದಲ್ಲಿ ಸುಮಾರು 2,000 ಧಾತುಗಳು, ಹತ್ತು ಗಣಗಳಲ್ಲಿ. ಗಣಪಾಠದಲ್ಲಿ ಒಂದೇ ನಿಯಮಕ್ಕೆ ಒಳಪಡುವ ಶಬ್ದಗಳ ಗುಂಪುಗಳು. ಪಾಣಿನಿಯ ನಂತರ ಕಾತ್ಯಾಯನ ಸೂತ್ರಗಳ ಮೇಲೆ ವಾರ್ತಿಕ ಎಂಬ ಟಿಪ್ಪಣಿ ಬರೆದ. ಕ್ರಿ.ಪೂ. 2ನೇ ಶತಮಾನದಲ್ಲಿ ಪತಂಜಲಿ ಮಹಾಭಾಷ್ಯ ಎಂಬ ವ್ಯಾಖ್ಯಾನ ಬರೆದ. ಈ ಮೂವರೇ ‘ಮುನಿತ್ರಯ’. ಇವರಲ್ಲಿ ಅಭಿಪ್ರಾಯ ಬೇರೆಯಾದರೆ ನಂತರದವರ ಮಾತಿಗೆ ತೂಕ ಜಾಸ್ತಿ. ಹಳಬರೇ ಕೊನೆಯ ಮಾತು ಅಂತ ಈ ಪರಂಪರೆ ಹೇಳುವುದಿಲ್ಲ, ಅದು ನನಗೆ ಬಹಳ ಇಷ್ಟವಾದ ಸಂಗತಿ.

ಹೆಜ್ಜೆ 2: ಹದಿನಾಲ್ಕು ಸೂತ್ರ ಬಾಯಿಪಾಠ ಮಾಡಿ

ಬಾಯಿಪಾಠ ಅಂದರೆ ಬೇಸರವಾಗಬಹುದು. ಆದರೆ ಇಷ್ಟನ್ನು ಮಾಡಲೇಬೇಕು. ಇವು ಮಾಹೇಶ್ವರ ಸೂತ್ರಗಳು:

ಅ ಇ ಉ ಣ್ । ಋ ಌ ಕ್ । ಏ ಓ ಙ್ । ಐ ಔ ಚ್ । ಹ ಯ ವ ರ ಟ್ । ಲ ಣ್ । ಞ ಮ ಙ ಣ ನ ಮ್ । ಝ ಭ ಞ್ । ಘ ಢ ಧ ಷ್ । ಜ ಬ ಗ ಡ ದ ಶ್ । ಖ ಫ ಛ ಠ ಥ ಚ ಟ ತ ವ್ । ಕ ಪ ಯ್ । ಶ ಷ ಸ ರ್ । ಹ ಲ್ ॥

ದಿನಕ್ಕೆ ಹತ್ತು ಸಲ ಗಟ್ಟಿಯಾಗಿ ಹೇಳಿದರೆ ಒಂದು ವಾರದಲ್ಲಿ ನಾಲಿಗೆಗೆ ಬರುತ್ತದೆ. ಕಣ್ಣಲ್ಲಿ ಓದಿದರೆ ಸಾಲದು. ಇದು ಕಿವಿಯಲ್ಲಿ ಉಳಿಯಬೇಕಾದ ಪಾಠ. ಕನ್ನಡಿಗರು ಒಂದು ಕಡೆ ಎಚ್ಚರ ವಹಿಸಬೇಕು. ನಮ್ಮಲ್ಲಿ ಎ, ಒ ಎಂಬ ಹ್ರಸ್ವಗಳಿವೆ. ಸಂಸ್ಕೃತದಲ್ಲಿ ಅವಿಲ್ಲ. ಅಲ್ಲಿ ಏ, ಓ ಯಾವಾಗಲೂ ದೀರ್ಘ.

ಪ್ರತಿ ತುಂಡಿನ ಕೊನೆಗೆ ಬರುವ ಅರ್ಧಾಕ್ಷರ ಬರೀ ಗುರುತು. ಅದಕ್ಕೆ ‘ಇತ್’ ಅಂತ ಹೆಸರು. ಯಾವುದಾದರೂ ಅಕ್ಷರದಿಂದ ಶುರು ಮಾಡಿ, ಮುಂದಿನ ಯಾವುದಾದರೂ ಗುರುತಿನಲ್ಲಿ ನಿಲ್ಲಿಸಿ. ನಡುವಿನ ಗುರುತುಗಳನ್ನು ಬಿಟ್ಟು ಉಳಿದ ಅಕ್ಷರಗಳೆಲ್ಲ ಒಂದು ಗುಂಪು. ಇದೇ ಪ್ರತ್ಯಾಹಾರ. ಇದನ್ನು ಹೇಳುವ ಸೂತ್ರ ‘ಆದಿರಂತ್ಯೇನ ಸಹೇತಾ’ (1.1.71).

ಈಗ ‘ಯಣ್’ ಹುಡುಕಿ. ‘ಯ’ ಐದನೇ ಸೂತ್ರದಲ್ಲಿದೆ. ಅಲ್ಲಿಂದ ಮುಂದಿನ ‘ಣ್’ ಸಿಗುವುದು ಆರನೆಯದರಲ್ಲಿ. ನಡುವೆ ಇರುವುದು ಯ, ವ, ರ, ಲ. ಅಷ್ಟೇ! ಇ, ಉ, ಋ ಇದ್ದ ಜಾಗಕ್ಕೆ ಯ, ವ, ರ ಬರುವುದನ್ನು ಯಣ್ ಸಂಧಿ ಅಂತ ಕರೆದದ್ದು ಅದಕ್ಕೇ. ‘ಜಶ್’ ಅಂದರೆ ಜ, ಬ, ಗ, ಡ, ದ. ವಾಕ್ + ಈಶ = ವಾಗೀಶ ಆಗುವಾಗ ಕ್ ಹೋಗಿ ಗ್ ಬಂತು, ಅದು ಜಶ್ ಗುಂಪಿನ ಅಕ್ಷರ. ‘ಅಚ್’ ಅಂದರೆ ಎಲ್ಲ ಸ್ವರಗಳು, ‘ಹಲ್’ ಅಂದರೆ ಎಲ್ಲ ವ್ಯಂಜನಗಳು. ನಾವು ಟೈಪ್ ಮಾಡುವಾಗ ಹೇಳುವ ‘ಹಲಂತ’ ಇದೇ ಹಲ್. ಸ್ವರದಲ್ಲಿ ಕೊನೆಯಾಗುವ ಶಬ್ದಕ್ಕೆ ‘ಅಜಂತ’ ಅನ್ನುತ್ತಾರೆ. ಅಚ್ + ಅಂತ, ಅದೂ ಜಶ್ತ್ವ ಸಂಧಿಯೇ.

‘ಣ್’ ಗುರುತು ಎರಡು ಸಲ ಬಂದಿದೆ, ಗಮನಿಸಿದಿರಾ? ಮೊದಲ ಸೂತ್ರದಲ್ಲಿ ಒಮ್ಮೆ, ಆರನೆಯದರಲ್ಲಿ ಒಮ್ಮೆ. ಹಾಗಾದರೆ ‘ಅಣ್’ ಅಂದಾಗ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಯನ್ನು ಪತಂಜಲಿಯೇ ಎತ್ತಿದ್ದಾನೆ. ಸಂದೇಹ ಬಂತು ಅಂತ ನಿಯಮವನ್ನು ಎಸೆಯಬೇಡಿ, ವ್ಯಾಖ್ಯಾನದಿಂದ ತಿಳಿಯಿರಿ ಅನ್ನುವುದು ಉತ್ತರ. ಪರಂಪರೆಯ ತೀರ್ಮಾನ ಹೀಗೆ: ‘ಅಣ್’ ಒಂದೇ ಒಂದು ಕಡೆ (1.1.69) ಬಿಟ್ಟು ಎಲ್ಲೆಡೆ ಮೊದಲ ಣ್ ವರೆಗೆ. ‘ಇಣ್’ ಯಾವಾಗಲೂ ಎರಡನೆಯ ಣ್ ವರೆಗೆ. ಪುಸ್ತಕವನ್ನು ಒಬ್ಬರೇ ಓದದೆ ವ್ಯಾಖ್ಯಾನದ ಜೊತೆ ಓದಿ ಅಂತ ಹಿರಿಯರು ಹೇಳುವುದು ಇಂಥ ಕಡೆಗಾಗಿ.

ನೋಟ್‌ಬುಕ್ಕಿನಲ್ಲಿ ಇವಿಷ್ಟನ್ನು ನೀವೇ ಬಿಡಿಸಿ ಬರೆಯಿರಿ: ಅಕ್, ಇಕ್, ಏಙ್, ಏಚ್, ಐಚ್, ಝಲ್. ಉತ್ತರ ನೋಡಿ ಬರೆಯಬೇಡಿ.

ಹೆಜ್ಜೆ 3: ಗುರುತಿನ ಅಕ್ಷರಗಳನ್ನು ಕಿತ್ತುಹಾಕಲು ಕಲಿಯಿರಿ

ಧಾತುಗಳಿಗೆ, ಪ್ರತ್ಯಯಗಳಿಗೆ ಪಾಣಿನಿ ಗುರುತಿನ ಅಕ್ಷರ ಅಂಟಿಸಿರುತ್ತಾನೆ. ಯಾವುದು ಗುರುತು ಅಂತ ಹೇಳುವುದು 1.3.2ರಿಂದ 1.3.9ರವರೆಗಿನ ಎಂಟೇ ಸೂತ್ರಗಳು. ಸದ್ಯಕ್ಕೆ ನಾಲ್ಕು ಸಾಕು. ‘ಹಲಂತ್ಯಮ್’ (1.3.3): ಕೊನೆಯ ವ್ಯಂಜನ ಇತ್. ‘ಚುಟೂ’ (1.3.7): ಪ್ರತ್ಯಯದ ಮೊದಲಿಗೆ ಚ-ವರ್ಗ ಅಥವಾ ಟ-ವರ್ಗದ ಅಕ್ಷರ ಇದ್ದರೆ ಇತ್. ‘ಲಶಕ್ವತದ್ಧಿತೇ’ (1.3.8): ತದ್ಧಿತವಲ್ಲದ ಪ್ರತ್ಯಯದ ಮೊದಲಿನ ಲ, ಶ, ಕ-ವರ್ಗ ಇತ್. ‘ತಸ್ಯ ಲೋಪಃ’ (1.3.9): ಆ ಇತ್ ಬಿದ್ದುಹೋಗುತ್ತದೆ.

ಬಿದ್ದುಹೋಗುವ ಅಕ್ಷರವನ್ನು ಇಟ್ಟದ್ದಾದರೂ ಯಾಕೆ? ಅದು ಹೋದಮೇಲೂ ಅದರ ಕೆಲಸ ನಡೆಯುತ್ತದೆ. ಪ್ರತ್ಯಯದಲ್ಲಿ ಣ್ ಇತ್ ಇದ್ದರೆ ‘ನನ್ನ ಹಿಂದಿನ ಸ್ವರಕ್ಕೆ ವೃದ್ಧಿ ಮಾಡು’ ಅಂತ ಸೂಚನೆ (ವೃದ್ಧಿ ಅಂದರೆ ಏನು ಅನ್ನುವುದು ಹೆಜ್ಜೆ 6ರಲ್ಲಿದೆ). ‘ನಾಯಕ’ ಪದದ ಗುಟ್ಟು ಇಲ್ಲೇ ಇದೆ. ಕಿತ್ತುಹಾಕಿದ ಗುರುತನ್ನು ಮರೆಯದೆ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ವಿಭಕ್ತಿ ಏನು ಹೇಳುತ್ತಿದೆ ನೋಡಿ

ಸೂತ್ರಗಳಲ್ಲಿ ಕ್ರಿಯಾಪದ ಇರುವುದು ಅಪರೂಪ. ಎಲ್ಲ ಕೆಲಸ ವಿಭಕ್ತಿಯೇ ಮಾಡುತ್ತದೆ. ಪಾಣಿನಿ ಅದಕ್ಕೆ ತನ್ನದೇ ಅರ್ಥ ಕೊಟ್ಟಿದ್ದಾನೆ.

ಷಷ್ಠಿ ಇದ್ದರೆ ‘ಇದರ ಜಾಗದಲ್ಲಿ’ (1.1.49). ಸಪ್ತಮಿ ಇದ್ದರೆ ‘ಇದು ಮುಂದೆ ಇರುವಾಗ, ಅದರ ಹಿಂದಿನದಕ್ಕೆ’ (1.1.66). ಪಂಚಮಿ ಇದ್ದರೆ ‘ಇದರ ನಂತರದ್ದಕ್ಕೆ’ (1.1.67). ಪ್ರಥಮೆ ಇದ್ದರೆ ಬರಬೇಕಾದ್ದು ಅದೇ.

ಈಗ 6.1.77 ತೆಗೆಯಿರಿ: ‘ಇಕೋ ಯಣಚಿ’. ಸಂಧಿ ಬಿಡಿಸಿದರೆ ಇಕಃ, ಯಣ್, ಅಚಿ. ಇಕಃ ಷಷ್ಠಿ, ಅಂದರೆ ಇ ಉ ಋ ಌ ಇವುಗಳ ಜಾಗದಲ್ಲಿ. ಯಣ್ ಪ್ರಥಮೆ, ಅಂದರೆ ಯ ವ ರ ಲ ಬರಲಿ. ಅಚಿ ಸಪ್ತಮಿ, ಅಂದರೆ ಮುಂದೆ ಸ್ವರ ಇರುವಾಗ. ಪ್ರತಿ + ಉತ್ತರ = ಪ್ರತ್ಯುತ್ತರ. ಮನು + ಅಂತರ = ಮನ್ವಂತರ. ಪಿತೃ + ಆರ್ಜಿತ = ಪಿತ್ರಾರ್ಜಿತ. ಪುಟಗಟ್ಟಲೆ ಉದಾಹರಣೆಗಳು ಮೂರು ಪದದಲ್ಲಿ ಅಡಗಿವೆ. ವೈಯಾಕರಣರು ಅರ್ಧ ಮಾತ್ರೆ ಉಳಿಸಿದರೂ ಮಗ ಹುಟ್ಟಿದಷ್ಟು ಸಂಭ್ರಮಿಸುತ್ತಾರೆ ಅಂತ ಒಂದು ಹಳೆಯ ಮಾತಿದೆ. ಈ ಸೂತ್ರ ಒಮ್ಮೆ ಅರ್ಥವಾದರೆ ಆ ಸಂಭ್ರಮ ನಿಜ ಅನ್ನಿಸುತ್ತದೆ.

ಹೆಜ್ಜೆ 5: ಅನುವೃತ್ತಿ, ಅಂದರೆ ಮೇಲಿನಿಂದ ಇಳಿದು ಬರುವ ಪದಗಳು

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಅರ್ಧಕ್ಕೆ ಕೈಬಿಡುವ ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ.

6.1.87 ನೋಡಿ: ‘ಆದ್ ಗುಣಃ’. ಬರೀ ಎರಡು ಪದ. ‘ಅಕಾರದ ನಂತರ ಗುಣ’ ಅಂತ ಅನುವಾದ ಮಾಡಿದರೆ ಏನೂ ತಿಳಿಯುವುದಿಲ್ಲ. ಯಾವುದರ ಜಾಗಕ್ಕೆ ಗುಣ? ಮುಂದೆ ಏನಿರಬೇಕು? ನಾನು ಶುರುವಿನಲ್ಲಿ ಸೂತ್ರಗಳನ್ನು ಒಂದೊಂದಾಗಿ ಕಾರ್ಡಿನ ಮೇಲೆ ಬರೆದು ಕಲಿಯಲು ಹೊರಟಿದ್ದೆ. ಮೂರು ತಿಂಗಳಾದರೂ ತಲೆಗೆ ಹೋಗಲಿಲ್ಲ. ಕಾರ್ಡಿಗೆ ಬರೆದ ಕೂಡಲೇ ಸೂತ್ರ ಅಕ್ಕಪಕ್ಕದವರಿಂದ ಬೇರೆಯಾಗುತ್ತದೆ, ಅಲ್ವಾ? ಅರ್ಥ ಇರುವುದೇ ಅಕ್ಕಪಕ್ಕದಲ್ಲಿ.

ಮಾಡಬೇಕಾದ್ದು ಇಷ್ಟು. ಪುಸ್ತಕದಲ್ಲಿ ಮೇಲಕ್ಕೆ ಹೋಗಿ. 6.1.84ರಲ್ಲಿ ‘ಏಕಃ ಪೂರ್ವಪರಯೋಃ’ ಇದೆ, ಅಂದರೆ ಹಿಂದಿನದು ಮುಂದಿನದು ಎರಡರ ಜಾಗಕ್ಕೂ ಸೇರಿ ಒಂದೇ. 6.1.77ರಲ್ಲಿ ‘ಅಚಿ’ ಇದೆ. 6.1.72ರಲ್ಲಿ ‘ಸಂಹಿತಾಯಾಮ್’ ಇದೆ, ಅಂದರೆ ಅಕ್ಷರಗಳು ನಡುವೆ ನಿಲ್ಲದೆ ಕೂಡಿಕೊಂಡಾಗ. ಇವೆಲ್ಲ ನದಿಯ ನೀರಿನಂತೆ ಕೆಳಗೆ ಹರಿದು 87ಕ್ಕೆ ಬರುತ್ತವೆ. ಈಗ ವಾಕ್ಯ ಪೂರ್ತಿಯಾಯಿತು: ‘ಸಂಹಿತಾಯಾಮ್ ಆತ್ ಅಚಿ ಪೂರ್ವಪರಯೋಃ ಏಕಃ ಗುಣಃ’. ಅಕಾರದ ನಂತರ ಸ್ವರ ಬಂದು ಎರಡೂ ಕೂಡಿದರೆ, ಎರಡರ ಜಾಗಕ್ಕೂ ಸೇರಿ ಒಂದೇ ಗುಣ ಬರುತ್ತದೆ. ದೇವ + ಇಂದ್ರ = ದೇವೇಂದ್ರ.

ಮುಂದಿನ ಸೂತ್ರ 6.1.88 ‘ವೃದ್ಧಿರೇಚಿ’. ಇದಕ್ಕೆ ‘ಆತ್’ 87ರಿಂದ ಇಳಿದು ಬರುತ್ತದೆ. ಮುಂದೆ ಏಚ್ ಇದ್ದರೆ ವೃದ್ಧಿ. ಏಕ + ಏಕ = ಏಕೈಕ, ವನ + ಔಷಧಿ = ವನೌಷಧಿ.

ನೋಟ್‌ಬುಕ್ಕಿನಲ್ಲಿ ಹೀಗೆ ಮಾಡಿ. ಎಡಗಡೆ ಸೂತ್ರ. ನಡುವೆ ಬಿಡಿಸಿದ ಪದಗಳು, ಒಂದೊಂದರ ಕೆಳಗೆ ವಿಭಕ್ತಿ. ಬಲಗಡೆ ಮೇಲಿನಿಂದ ಬಂದ ಪದಗಳು, ಬೇರೆ ಬಣ್ಣದ ಶಾಯಿಯಲ್ಲಿ, ಯಾವ ಸಂಖ್ಯೆಯಿಂದ ಬಂತು ಅನ್ನುವುದರ ಜೊತೆಗೆ. ಕೆಳಗೆ ಪೂರ್ತಿ ವಾಕ್ಯ. 6.1.77, 78, 84, 87, 88, 101 ಈ ಆರನ್ನು ಇದೇ ರೀತಿ ಬರೆದು ಮುಗಿಸಿ. ಎರಡು ವಾರ ಹಿಡಿದರೂ ಪರವಾಗಿಲ್ಲ. ಈ ಆರು ಚೆನ್ನಾಗಿ ಕೂತರೆ ಅರವತ್ತು ಓಡುತ್ತವೆ.

ಹೆಜ್ಜೆ 6: ಪಾರಿಭಾಷಿಕ ಶಬ್ದವನ್ನು ಊಹಿಸಬೇಡಿ, ಹುಡುಕಿ

‘ಗುಣ’ ಅಂದರೆ ಒಳ್ಳೆಯ ಗುಣವಲ್ಲ. ‘ಅದೇಙ್ ಗುಣಃ’ (1.1.2): ಅ, ಏ, ಓ ಈ ಮೂರು ಗುಣ. ‘ವೃದ್ಧಿರಾದೈಚ್’ (1.1.1): ಆ, ಐ, ಔ ಈ ಮೂರು ವೃದ್ಧಿ.

ಈ ಎರಡರಲ್ಲಿ ಒಂದು ಸೊಗಸು ಇದೆ. ಪಾಣಿನಿ ಸಾಮಾನ್ಯವಾಗಿ ವಸ್ತು ಮೊದಲು, ಹೆಸರು ಆಮೇಲೆ ಹೇಳುತ್ತಾನೆ. ‘ಅದೇಙ್’ ಮೊದಲು, ‘ಗುಣಃ’ ಆಮೇಲೆ. ಆದರೆ ಮೊಟ್ಟಮೊದಲ ಸೂತ್ರದಲ್ಲಿ ಹೆಸರೇ ಮೊದಲು ಬಂದಿದೆ. ಯಾಕೆ? ವೃದ್ಧಿ ಅಂದರೆ ಬೆಳವಣಿಗೆ. ಶಾಸ್ತ್ರ ಮಂಗಳದ ಮಾತಿನಿಂದ ಶುರುವಾಗಲಿ ಅಂತ ಹಾಗೆ ಇಟ್ಟ ಅನ್ನುತ್ತಾನೆ ಪತಂಜಲಿ. ದರ್ಭೆ ಹಿಡಿದು, ಪೂರ್ವಕ್ಕೆ ಮುಖ ಮಾಡಿ, ಅಷ್ಟು ಪ್ರಯತ್ನಪಟ್ಟು ರಚಿಸಿದ ಸೂತ್ರಗಳಲ್ಲಿ ಒಂದು ಅಕ್ಷರವೂ ಸುಮ್ನೆ ಇರಲು ಸಾಧ್ಯವಿಲ್ಲ ಅನ್ನುವುದು ಅವನ ನಂಬಿಕೆ. ನಾವೂ ಅದೇ ನಂಬಿಕೆಯಿಂದ ಓದಬೇಕು.

ಹೊಸಬರು ಎಡವುವ ಜಾಗವೂ ಇಲ್ಲೇ ಇದೆ. 1.1.1ರ ‘ಆತ್’ ಮತ್ತು 6.1.87ರ ‘ಆತ್’ ನೋಡಲು ಒಂದೇ. ಮೊದಲನೆಯದು ‘ಆ’ ಅಕ್ಷರಕ್ಕೆ ತ್ ಅಂಟಿಸಿದ್ದು. ತ್ ಇದ್ದರೆ ಅಷ್ಟೇ ಮಾತ್ರೆಯ ಸ್ವರವನ್ನು ಮಾತ್ರ ತೆಗೆದುಕೊಳ್ಳಬೇಕು (1.1.70). ಎರಡನೆಯದು ‘ಅ’ ಶಬ್ದದ ಪಂಚಮಿ. ಅಲ್ಲಿ ಹ್ರಸ್ವ ಅ, ದೀರ್ಘ ಆ ಎರಡೂ ಬರುತ್ತವೆ. ಹಾಗಾಗಿಯೇ ಮಹಾ + ಇಂದ್ರ = ಮಹೇಂದ್ರ ಕೂಡ ಗುಣಸಂಧಿ.

ಮೂರು ಗುಣಗಳಿವೆ, ಯಾವುದನ್ನು ಹಾಕಬೇಕು? ‘ಸ್ಥಾನೇಽಂತರತಮಃ’ (1.1.50): ಹೆಚ್ಚು ಹತ್ತಿರದ್ದನ್ನು. ಅ ಹುಟ್ಟುವುದು ಗಂಟಲಲ್ಲಿ, ಇ ತಾಲುವಿನಲ್ಲಿ. ಎರಡರಲ್ಲೂ ಹುಟ್ಟುವುದು ಏ. ಅ, ಉ ಸೇರಿದರೆ ಓ. ಋ ಬಂದರೆ? ಅದರ ಜಾಗಕ್ಕೆ ಬರುವ ಅ ತನ್ನ ಹಿಂದೆಯೇ ರ್ ಕರೆದುಕೊಂಡು ಬರುತ್ತದೆ, ‘ಉರಣ್ ರಪರಃ’ (1.1.51). ಮಹಾ + ಋಷಿ = ಮಹರ್ಷಿ. ಶಾಲೆಯಲ್ಲಿ ‘ಏ, ಓ, ಅರ್’ ಅಂತ ಮೂರನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸಿದ್ದರು. ಆ ‘ಅರ್’ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇದು.

ಹೆಜ್ಜೆ 7: ಎರಡು ಸೂತ್ರ ಒಟ್ಟಿಗೆ ಬಂದರೆ

ಗಿರಿ + ಈಶ. ಇ ಇದೆ, ಮುಂದೆ ಸ್ವರ ಇದೆ. ‘ಇಕೋ ಯಣಚಿ’ ಪ್ರಕಾರ ‘ಗಿರ್ಯೀಶ’ ಆಗಬೇಕು. ‘ಅಕಃ ಸವರ್ಣೇ ದೀರ್ಘಃ’ (6.1.101) ಪ್ರಕಾರ ‘ಗಿರೀಶ’ ಆಗಬೇಕು. ಗೆದ್ದದ್ದು ಎರಡನೆಯದು. ಮೊದಲನೆಯದು ಯಾವ ಸ್ವರ ಬಂದರೂ ಅನ್ನುತ್ತದೆ. ಎರಡನೆಯದು ಅದೇ ಜಾತಿಯ ಸ್ವರ ಬಂದರೆ ಮಾತ್ರ ಅನ್ನುತ್ತದೆ. ಚಿಕ್ಕ ಜಾಗದ ನಿಯಮಕ್ಕೆ ಅಲ್ಲಿ ಅವಕಾಶ ಕೊಡದಿದ್ದರೆ ಅದಕ್ಕೆ ಬೇರೆ ಜಾಗವೇ ಇಲ್ಲ. ದೊಡ್ಡದು ಉತ್ಸರ್ಗ, ಚಿಕ್ಕದು ಅಪವಾದ.

ಈ ಉಪಾಯದ ಬೆಲೆ ಎಷ್ಟು ಅಂತ ಪತಂಜಲಿ ಒಂದು ಕತೆಯಲ್ಲಿ ಹೇಳುತ್ತಾನೆ. ಬೃಹಸ್ಪತಿ ಇಂದ್ರನಿಗೆ ಶಬ್ದಗಳನ್ನು ಒಂದೊಂದಾಗಿ ಹೇಳಿಕೊಟ್ಟನಂತೆ. ಸಾವಿರ ದಿವ್ಯ ವರ್ಷ ಕಳೆದರೂ ಮುಗಿಯಲಿಲ್ಲ. ಬೃಹಸ್ಪತಿಯಂಥ ಗುರು, ಇಂದ್ರನಂಥ ಶಿಷ್ಯ ಇದ್ದೂ ಆಗದ್ದು ನೂರು ವರ್ಷ ಬದುಕುವ ನಮಗೆ ಆದೀತೇ? ಅದಕ್ಕೇ ಒಂದು ಸಾಮಾನ್ಯ ನಿಯಮ, ಒಂದು ವಿಶೇಷ ನಿಯಮ.

ಅಪವಾದವಲ್ಲದೆ, ಸರಿಸಮ ಬಲದ ಎರಡು ಸೂತ್ರ ಡಿಕ್ಕಿ ಹೊಡೆದರೆ ‘ವಿಪ್ರತಿಷೇಧೇ ಪರಂ ಕಾರ್ಯಮ್’ (1.4.2), ಅಂದರೆ ಪರದ್ದು ಮಾಡು. ಪರಂಪರೆಯಲ್ಲಿ ಇದಕ್ಕೆ ಪುಸ್ತಕದಲ್ಲಿ ನಂತರ ಬರುವ ಸೂತ್ರ ಅಂತ ಅರ್ಥ. ರಾಮ + ಭ್ಯಾಮ್ ಇದ್ದಾಗ ‘ಸುಪಿ ಚ’ (7.3.102) ದೀರ್ಘ ಮಾಡಿ ‘ರಾಮಾಭ್ಯಾಮ್’ ಆಯಿತು. ರಾಮ + ಭ್ಯಸ್ ಇದ್ದಾಗ ಅದೂ ಬರುತ್ತದೆ, ‘ಬಹುವಚನೇ ಝಲ್ಯೇತ್’ (7.3.103) ಕೂಡ ಬರುತ್ತದೆ. ನಂತರದ್ದು ಗೆದ್ದು ‘ರಾಮೇಭ್ಯಃ’ ಆಯಿತು. ‘ಪರ’ ಅಂದರೆ ಪದದ ಬಲಗಡೆ ನಡೆಯುವ ಕೆಲಸ ಅಂತ ಕೇಂಬ್ರಿಜ್‌ನ ಸಂಶೋಧಕ ಋಷಿ ರಾಜ್‌ಪೋಪಟ್ ವಾದಿಸಿದ್ದು 2022ರ ಕೊನೆಯಲ್ಲಿ ದೊಡ್ಡ ಸುದ್ದಿಯಾಯಿತು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಕಲಿಯುವವರು ಮೊದಲು ಪರಂಪರೆಯ ಅರ್ಥವನ್ನು ಗಟ್ಟಿ ಮಾಡಿಕೊಂಡು ಆಮೇಲೆ ಆ ಚರ್ಚೆಗೆ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಕೊನೆಯ ಮೂರು ಪಾದಗಳು (8.2ರಿಂದ 8.4) ತ್ರಿಪಾದೀ. ಅಲ್ಲಿ ನಡೆದದ್ದು ಹಿಂದಿನ ಸೂತ್ರಗಳ ಕಣ್ಣಿಗೆ ಕಾಣುವುದಿಲ್ಲ, ‘ಪೂರ್ವತ್ರಾಸಿದ್ಧಮ್’ (8.2.1). ಹರೇ + ಇಹ ಮೊದಲು ‘ಹರಯ್ ಇಹ’ ಆಗುತ್ತದೆ. 8.3.19ರಿಂದ ಯ್ ಲೋಪವಾಗಿ ‘ಹರ ಇಹ’. ಈಗ ಅ ಮುಂದೆ ಇ ಇದೆ, ಗುಣವಾಗಿ ‘ಹರೇಹ’ ಆಗಬೇಕಲ್ವಾ? ಆಗುವುದಿಲ್ಲ. ಆ ಲೋಪ 6.1.87ರ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಪಾಲಿಗೆ ಯ್ ಇನ್ನೂ ಅಲ್ಲೇ ಇದೆ. ಈ 8.3.19 ‘ಲೋಪಃ ಶಾಕಲ್ಯಸ್ಯ’ದಲ್ಲಿ ಶಾಕಲ್ಯ ಎಂಬ ಹಿಂದಿನ ಆಚಾರ್ಯನ ಹೆಸರಿದೆ. ತನಗಿಂತ ಹಿಂದಿನ ಹತ್ತು ಆಚಾರ್ಯರನ್ನು ಪಾಣಿನಿ ಹೆಸರು ಹಿಡಿದು ನೆನೆದಿದ್ದಾನೆ.

ಹೆಜ್ಜೆ 8: ಈಗ ‘ನಾಯಕ’

‘ಕರೆದೊಯ್ಯುವವನು’ ಅಂತ ಹೇಳಬೇಕು. ಧಾತುಪಾಠದಲ್ಲಿ ‘ಣೀಞ್ ಪ್ರಾಪಣೇ’ ಅಂತ ಇದೆ. ಕೊನೆಯ ಞ್ ಇತ್ (1.3.3), ಬಿತ್ತು. ಧಾತುವಿನ ಮೊದಲಿನ ಣ್‌ಗೆ ನ್ (‘ಣೋ ನಃ’, 6.1.65). ಉಳಿದದ್ದು ‘ನೀ’.

ಮಾಡುವವನು ಎಂಬ ಅರ್ಥಕ್ಕೆ ಪ್ರತ್ಯಯ ಬೇಕು. ‘ಣ್ವುಲ್ ತೃಚೌ’ (3.1.133) ಣ್ವುಲ್ ಕೊಡುತ್ತದೆ. ಧಾತುವಿಗೆ ಅನ್ನುವುದು 3.1.91ರ ‘ಧಾತೋಃ’ ಅಧಿಕಾರದಿಂದ, ಅಂದರೆ ಮುಂದಿನ ಸೂತ್ರಗಳಿಗೆಲ್ಲ ಹರಿಯುವ ಶೀರ್ಷಿಕೆಯಿಂದ, ಬಂತು. ಕರ್ತೃ ಅರ್ಥ 3.4.67ರಿಂದ ಬಂತು. ಈಗ ‘ನೀ + ಣ್ವುಲ್’.

ಣ್ ಇತ್ (1.3.7). ಲ್ ಇತ್ (1.3.3). ಎರಡೂ ಬಿದ್ದವು. ‘ಣ್ ಇತ್ತು’ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಉಳಿದದ್ದು ‘ವು’.

‘ಯುವೋರನಾಕೌ’ (7.1.1): ಯು, ವು ಇವುಗಳ ಜಾಗಕ್ಕೆ ಅನ, ಅಕ. ಎರಡಕ್ಕೆ ಎರಡು ಹೇಳಿದರೆ ಕ್ರಮವಾಗಿ ಹೊಂದಿಸಬೇಕು (1.3.10). ವು ಹೋಗಿ ‘ಅಕ’ ಬಂತು. ಈಗ ‘ನೀ + ಅಕ’.

ಇಲ್ಲಿ ಆತುರಪಟ್ಟು ‘ಇಕೋ ಯಣಚಿ’ ಹಚ್ಚಿದರೆ ‘ನ್ಯಕ’ ಆಗಿಬಿಡುತ್ತದೆ! ಬರೆದಿಟ್ಟ ಗುರುತನ್ನು ನೋಡಿ. ‘ಅಚೋ ಞ್ಣಿತಿ’ (7.2.115): ಞ್ ಅಥವಾ ಣ್ ಇತ್ ಇರುವ ಪ್ರತ್ಯಯ ಮುಂದಿರುವಾಗ, ಸ್ವರದಲ್ಲಿ ಕೊನೆಯಾಗುವ ಅಂಗಕ್ಕೆ (ಪ್ರತ್ಯಯದ ಹಿಂದಿರುವ ಭಾಗಕ್ಕೆ) ವೃದ್ಧಿ. ‘ವೃದ್ಧಿಃ’ ಹಿಂದಿನ 7.2.114ರಿಂದ ಬಂತು. ‘ಅಂಗಸ್ಯ’ ದೂರದ 6.4.1ರಿಂದ ಬಂತು. ಆ ಅಧಿಕಾರ ಏಳನೇ ಅಧ್ಯಾಯದ ಕೊನೆಯವರೆಗೆ ಹರಿಯುತ್ತದೆ. ವೃದ್ಧಿ ಕೊನೆಯ ಅಕ್ಷರಕ್ಕೆ ಮಾತ್ರ (1.1.52). ‘ಈ’ ಹೋಗಿ ಅದಕ್ಕೆ ಹತ್ತಿರದ ‘ಐ’. ಈಗ ‘ನೈ + ಅಕ’.

‘ಏಚೋಽಯವಾಯಾವಃ’ (6.1.78): ಮುಂದೆ ಸ್ವರ ಇರುವಾಗ ಏ, ಓ, ಐ, ಔ ಜಾಗಕ್ಕೆ ಕ್ರಮವಾಗಿ ಅಯ್, ಅವ್, ಆಯ್, ಆವ್. ‘ಅಚಿ’ 77ರಿಂದ ಬಂತು, ನೆನಪಿದೆಯಲ್ಲ? ಐ ಜಾಗಕ್ಕೆ ಆಯ್. ನ್ + ಆಯ್ + ಅಕ = ನಾಯಕ.

ಕೃತ್ (ಧಾತುವಿಗೆ ಹಚ್ಚಿ ನಾಮಪದ ಮಾಡುವ) ಪ್ರತ್ಯಯ ಕೊನೆಗಿರುವುದರಿಂದ ಇದು ಪ್ರಾತಿಪದಿಕ, ಅಂದರೆ ವಿಭಕ್ತಿ ಹಚ್ಚಲು ಸಿದ್ಧವಾದ ಪದರೂಪ (1.2.46). ಪ್ರಥಮಾ ಏಕವಚನದ ‘ಸು’ ಸೇರಿ, ಉ ಇತ್ ಆಗಿ ಸ್ ಉಳಿದು, ಸ್‌ಗೆ ರು (8.2.66), ರ್‌ಗೆ ವಿಸರ್ಗ (8.3.15). ನಾಯಕಃ. ಕನ್ನಡದಲ್ಲಿ ವಿಸರ್ಗ ಬಿಟ್ಟು ನಮ್ಮ ವಿಭಕ್ತಿ ಹಚ್ಚಿ ‘ನಾಯಕನು’ ಅಂದೆವು.

ಇದೇ ‘ನೀ’ ಧಾತುವಿಗೆ ಲ್ಯುಟ್ ಎಂಬ ಇನ್ನೊಂದು ಪ್ರತ್ಯಯ ಹಚ್ಚಿ. ಲ್, ಟ್ ಹೋಗಿ ಯು ಉಳಿಯಿತು, ಅದಕ್ಕೆ ಅನ. ಇಲ್ಲಿ ಣ್ ಇತ್ ಇಲ್ಲ, ಹಾಗಾಗಿ ವೃದ್ಧಿ ಬದಲು ಗುಣ (7.3.84). ನೇ + ಅನ = ನಯನ. ನಾಯಕ, ನಯನ ಅಣ್ಣತಮ್ಮಂದಿರು. ಒಂದರ ಪ್ರತ್ಯಯಕ್ಕೆ ಣ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಯಾವ ಪುಸ್ತಕ, ಯಾವ ಕ್ರಮ

ಎರಡು ದಾರಿ ಇವೆ. ಒಂದು, ಅಷ್ಟಾಧ್ಯಾಯಿಯ ಕ್ರಮದಲ್ಲೇ, 7ನೇ ಶತಮಾನದ ಸುಮಾರಿಗೆ ಜಯಾದಿತ್ಯ ಮತ್ತು ವಾಮನ ಬರೆದ ಕಾಶಿಕಾವೃತ್ತಿಯ ಜೊತೆ. ಇನ್ನೊಂದು, 17ನೇ ಶತಮಾನದ ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯ ದಾರಿ. ಅಲ್ಲಿ ಸೂತ್ರಗಳನ್ನು ಸಂಧಿ, ಶಬ್ದರೂಪ, ಸಮಾಸ, ಕ್ರಿಯಾಪದ ಹೀಗೆ ವಿಷಯದ ಪ್ರಕಾರ ಜೋಡಿಸಿದ್ದಾರೆ. ಅವರ ಶಿಷ್ಯ ವರದರಾಜ ಅದನ್ನೇ ಚಿಕ್ಕದು ಮಾಡಿ ಲಘುಸಿದ್ಧಾಂತಕೌಮುದಿ ಬರೆದರು. ಅದರಲ್ಲಿ ಸೂತ್ರಗಳ ಮೂರನೆಯ ಒಂದು ಭಾಗದಷ್ಟೇ ಇವೆ. ಪಾಠಶಾಲೆಗಳಲ್ಲಿ ಇಂದಿಗೂ ಹೆಚ್ಚಾಗಿ ಶುರು ಮಾಡುವುದು ಇದರಿಂದ.

ಕೌಮುದಿಯಲ್ಲಿ ಪದ ಬೇಗ ಸಿದ್ಧವಾಗುತ್ತದೆ, ಉತ್ಸಾಹ ಉಳಿಯುತ್ತದೆ. ಆದರೆ ಸೂತ್ರಗಳು ಮೂಲ ಜಾಗದಿಂದ ಎದ್ದು ಬಂದಿರುವುದರಿಂದ ಅನುವೃತ್ತಿ ಕಣ್ಣಿಗೆ ಕಾಣುವುದಿಲ್ಲ. ನಾನು ಹೇಳುವುದು ಹೀಗೆ: ಪಾಠ ಲಘುಕೌಮುದಿಯಿಂದ ಮಾಡಿ. ಪಕ್ಕದಲ್ಲಿ ಬರೀ ಸೂತ್ರಪಾಠದ ಪುಸ್ತಕ ತೆರೆದಿಡಿ. ಹೊಸ ಸೂತ್ರ ಬಂದಾಗಲೆಲ್ಲ ಅದರ ಮೂಲ ಜಾಗಕ್ಕೆ ಹೋಗಿ ಮೇಲಿನ ಹತ್ತು ಸೂತ್ರ ಓದಿ ಬನ್ನಿ. ಸ್ವಲ್ಪ ನಿಧಾನವಾಗುತ್ತದೆ, ಆಗಲಿ. ದಿನಕ್ಕೆ ಅರ್ಧ ಗಂಟೆ, ಎರಡು ಸೂತ್ರ ಸಾಕು. ಗುರು ಸಿಕ್ಕರೆ ಬಿಡಬೇಡಿ.

ಈ ದಾರಿಯಲ್ಲಿ ಮುಂದೆ ಹೋದವರು ಕನ್ನಡ ನೆಲದ ಕೆಲಸವನ್ನೂ ನೋಡಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಶಾಕಟಾಯನ ಎಂಬ ಹೆಸರಿನ ಜೈನ ವೈಯಾಕರಣ ಸಂಸ್ಕೃತಕ್ಕೆ ತನ್ನದೇ ಸೂತ್ರಗಳನ್ನು ಕಟ್ಟಿ ಅಮೋಘವೃತ್ತಿ ಬರೆದ. ಪಾಣಿನಿ ಹೆಸರಿಸುವ ಹಳೆಯ ಶಾಕಟಾಯನ ಬೇರೆ, ಗೊಂದಲ ಬೇಡ. 1604ರಲ್ಲಿ ಭಟ್ಟಾಕಳಂಕ ಕನ್ನಡ ಭಾಷೆಗೆ ಸಂಸ್ಕೃತದಲ್ಲಿ 592 ಸೂತ್ರ ಬರೆದ, ಅದೇ ಕರ್ಣಾಟಕ ಶಬ್ದಾನುಶಾಸನ. ಪಾಣಿನಿಯ ಓದಿನ ಅಭ್ಯಾಸ ಇದ್ದರೆ ಆ ಸೂತ್ರಗಳು ತೆರೆದುಕೊಳ್ಳುತ್ತವೆ. ಕನ್ನಡ ಸಂಧಿಯ ಲೋಪ, ಆಗಮ, ಆದೇಶ ಎಂಬ ಹೆಸರುಗಳೂ ಈ ಪರಂಪರೆಯಿಂದ ಬಂದವೇ.

ಮನೆಗೆಲಸ

ಣ್ವುಲ್ ಹಚ್ಚಿ ಈ ಪದಗಳನ್ನು ಸಿದ್ಧ ಮಾಡಿ: ‘ಪೂ’ದಿಂದ ಪಾವಕ, ‘ಪಠ್’ನಿಂದ ಪಾಠಕ, ‘ಲಿಖ್’ನಿಂದ ಲೇಖಕ. ಪಾವಕಕ್ಕೆ ಹೊಸ ಸೂತ್ರವೇ ಬೇಡ. ಪಾಠಕಕ್ಕೆ 7.2.116, ಲೇಖಕಕ್ಕೆ 7.3.86 ನೋಡಿ. ಆ ಎರಡರಲ್ಲಿ ಸ್ವರ ಕೊನೆಯಲ್ಲಿಲ್ಲ, ಕೊನೆಯ ವ್ಯಂಜನದ ಹಿಂದೆ ಇದೆ. ಅದಕ್ಕೇ ಬೇರೆ ಸೂತ್ರ.

ಆಮೇಲೆ ‘ಗಾಯಕ’ ಮಾಡಿ. ಧಾತು ‘ಗೈ’. ಗೈ + ಅಕ, ಐ ಜಾಗಕ್ಕೆ ಆಯ್, ಗಾಯಕ, ಮುಗಿಯಿತು ಅನ್ನಿಸುತ್ತದೆ. ಉತ್ತರ ಸರಿ, ದಾರಿ ತಪ್ಪು. 6.1.45 ಇಂಥ ಧಾತುವಿನ ಐ ತೆಗೆದು ಮೊದಲೇ ‘ಗಾ’ ಮಾಡಿಬಿಟ್ಟಿರುತ್ತದೆ. ಹಾಗಾದರೆ ಆ ಯ್ ಎಲ್ಲಿಂದ ಬಂತು? 7.3.33 ತೆರೆಯಿರಿ, ಮೇಲಿನಿಂದ ಯಾವ ಪದಗಳು ಇಳಿದು ಬಂದಿವೆ ಹುಡುಕಿ. ಅದು ಸಿಕ್ಕಿದರೆ ‘ದಾ’ ಧಾತುವಿನಿಂದ ‘ದಾಯಕ’ ಹೇಗಾಯಿತು ಅನ್ನುವುದೂ ಅದೇ ಸಾಲಿನಲ್ಲಿ ಸಿಗುತ್ತದೆ.